ಬಾಲಸಂಘಗಳೂ ಚಂದಾಹಣವೂ

ಯಾವ ಸತ್ಕಾರ್ಯಕ್ಕಾದರೂ ನಾಲ್ಕು ಜನರು ಕೂಡಿದಲ್ಲಿ ಮೊದಲ ದಿನ ಉತ್ಸಾಹವೂ, ಎರಡನೆಯ ದಿನ ಖರ್ಚೂ, ಮೂರನೆಯ ದಿನ ಲೆಕ್ಕವೂ ಹುಟ್ಟುವುದು ಲೋಕಸಹಜವಾಗಿದೆ. ಉತ್ಸಾಹವನ್ನು ಕುರಿತು ಭಾಷಣಮಾಡುವವರು ಬಹುಮಂದಿ. ಖರ್ಚನ್ನು ಕುರಿತು ಗೊಣಗುವವರು ಇನ್ನೂ ಹೆಚ್ಚು. ಲೆಕ್ಕವನ್ನು ಧರ್ಮದ ವಿಷಯವೆಂದೆಣಿಸಿ ವಿಚಾರಮಾಡುವವರು ಮಾತ್ರ ವಿರಳ. ಸೇವೆಯ ಮಾತು ಮೇಲು, ಹಣದ ಮಾತು ಕೀಳು ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಪೂರ್ವಿಕರು ಪುರುಷಾರ್ಥಗಳನ್ನು ಎಣಿಸುವಾಗ ಅರ್ಥವನ್ನು ಧರ್ಮದ ಪಕ್ಕದಲ್ಲಿಯೇ ಕುಳ್ಳಿರಿಸಿದರಲ್ಲದೆ ದೂರವಿಡಲಿಲ್ಲ. ಅದರ ಅಭಿಪ್ರಾಯವೇನೆಂದರೆ, ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಎರಡೂ ಕೆಡುವುವೆಂಬುದು. ಈ ಮಾತು ದೊಡ್ಡ ರಾಜ್ಯಗಳಿಗೆ ಹೇಗೋ ಹಾಗೆಯೇ ಒಂದು ಬೀದಿಯ ಮಕ್ಕಳ ಸಂಘಕ್ಕೂ ಸಲ್ಲುವುದು.

ಬೆಂಗಳೂರಿನ ಪಶ್ಚಿಮಭಾಗವನ್ನು ನೋಡಬಹುದು. ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು 1949ರ ಸುಮಾರಿಗೆ ಕೈಗಾರಿಕೆಯ ಉಪನಗರವಾಗಿ ಹುಟ್ಟಿದ ರಾಜಾಜಿನಗರ, ಅದರ ಆಚೆ ಬೆಳೆದ ಬಸವೇಶ್ವರನಗರ ಮತ್ತು ವಿಜಯನಗರ, ಬಹುಕಾಲ ಬೇರೆಯೇ ಊರಾಗಿದ್ದು ಈಗ ನಗರದೊಡನೆ ಒಂದಾಗಿರುವ ಕೆಂಗೇರಿ — ಇವುಗಳಲ್ಲಿ ವಿಧವಿಧವಾದ ಜೀವನವುಳ್ಳ ಕುಟುಂಬಗಳು ಒಂದೇ ಬೀದಿಯಲ್ಲಿ ವಾಸವಾಗಿವೆ. ಮೇಲಿನ ಮಹಡಿಯಲ್ಲಿ ಗಣಕಯಂತ್ರದ ಉದ್ಯೋಗದವರು. ಕೆಳಗಿನ ವಠಾರದಲ್ಲಿ ಸಿದ್ಧಉಡುಪಿನ ಕಾರ್ಖಾನೆಗೆ ಹೋಗುವ ತಾಯಿ, ಆಟೋ ಓಡಿಸುವ ತಂದೆ. ಇಂಥ ಮನೆಗಳ ಮಕ್ಕಳು ಒಂದೆಡೆ ಸಮಾನವಾಗಿ ಕೂಡತಕ್ಕ ಸ್ಥಳಗಳು ಹೆಚ್ಚಿಲ್ಲ. ಶಾಲೆಗಳೇ ಶುಲ್ಕಕ್ಕೆ ಅನುಸಾರವಾಗಿ ಮಕ್ಕಳನ್ನು ಬೇರ್ಪಡಿಸಿಬಿಟ್ಟಿವೆ. ಉಳಿದಿರುವುದು ಭಾನುವಾರದ ಬಯಲು. ಅಲ್ಲಿ ಬಾಲಚರ ದಳ, ವ್ಯಾಯಾಮದ ಕೂಟ, ನಾಟಕದ ಬಳಗ, ರಾಜ್ಯೋತ್ಸವವನ್ನು ನಡೆಸುವ ಯುವಕ ಸಂಘ ಮುಂತಾದುವು ವೇತನವಿಲ್ಲದ ಹಿರಿಯರ ಶ್ರಮದಿಂದ ನಡೆಯುತ್ತಿವೆ. ಶ್ರಮಕ್ಕೆ ವೇತನವಿಲ್ಲವೆಂದ ಮಾತ್ರಕ್ಕೆ ಹಗ್ಗಕ್ಕೆ ಬೆಲೆಯಿಲ್ಲವೆಂದಾಗಲಿಲ್ಲ. ನೋಂದಣಿಯ ಹಣ, ಬಾವುಟ, ಬಿದಿರುಗಳು, ಪ್ರಥಮಚಿಕಿತ್ಸೆಯ ಪೆಟ್ಟಿಗೆ, ಡೇರೆಯ ದುರಸ್ತಿ, ಶಿಬಿರಕ್ಕೆ ಹೋಗುವ ಬಸ್ಸು, ಅಲ್ಲಿಯ ಊಟ ಇವೆಲ್ಲಕ್ಕೂ ದುಡ್ಡು ಬೇಕು. ಆ ದುಡ್ಡನ್ನು ಯಾರು, ಎಷ್ಟು, ಹೇಗೆ ಕೊಡಬೇಕೆಂಬುದೇ ಇಲ್ಲಿ ವಿಚಾರ್ಯವಾದ ವಿಷಯವು.

ವಿಷಯವು ಅಲ್ಪವೆಂದು ತೋರಬಹುದು. ಅದು ಅಲ್ಪವಲ್ಲವೆಂಬುದಕ್ಕೆ ಒಂದು ಸಂದರ್ಭವನ್ನು ಊಹಿಸಿಕೊಂಡರೆ ಸಾಕು. ಮುಂದಿನ ತಿಂಗಳು ಶಿಬಿರವೆಂದೂ ತಲೆಗೆ ಇಷ್ಟು ಹಣವೆಂದೂ ದಳನಾಯಕನು ಪ್ರಕಟಿಸುತ್ತಾನೆ. ಮೂವತ್ತು ಮಕ್ಕಳಲ್ಲಿ ಇಪ್ಪತ್ತನಾಲ್ಕು ಮಂದಿ ವಾರದೊಳಗೆ ಹಣ ತರುತ್ತಾರೆ. ಆರು ಮಂದಿ ತರುವುದಿಲ್ಲ. ಅವರಲ್ಲಿ ಗಂಟು ಹಾಕುವುದರಲ್ಲಿ ಎಲ್ಲರಿಗಿಂತಲೂ ಚುರುಕಾದ ಹನ್ನೆರಡು ವರ್ಷದ ಹುಡುಗನೊಬ್ಬನಿರುತ್ತಾನೆ. ಮುಂದಿನ ಭಾನುವಾರ ಅವನು ಬರುವುದಿಲ್ಲ. ಏಕೆಂದು ಕೇಳಿ ಕಳುಹಿಸಿದರೆ ಹೊಟ್ಟೆನೋವೆಂಬ ಉತ್ತರ ಬರುತ್ತದೆ. ಅದರ ಮುಂದಿನ ಭಾನುವಾರವೂ ಹೊಟ್ಟೆನೋವು. ಮನೆಯಲ್ಲಿ ದುಡ್ಡಿಲ್ಲವೆಂದು ಬಾಯಿಬಿಟ್ಟು ಹೇಳುವ ಹುಡುಗನು ಲಕ್ಷಕ್ಕೊಬ್ಬನು. ಹೊಟ್ಟೆನೋವೆಂದು ಹೇಳುವವರೇ ಮಿಕ್ಕವರೆಲ್ಲ. ಶಿಬಿರ ಮುಗಿದ ಮೇಲೆ ಆ ಹುಡುಗನು ಮರಳಿ ಬರುವನೆಂಬ ಭರವಸೆಯಿಲ್ಲ. ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಆದರೂ ಅವನು ಹೊರಗಾದನು. ಇದು ಯಾರ ತಪ್ಪು, ಇದಕ್ಕೆ ಪರಿಹಾರವೇನು ಎಂಬುದೇ ಸಂಶಯ.

ಈ ಸಂಶಯಕ್ಕೆ ಲೋಕದಲ್ಲಿ ನಾಲ್ಕು ಬಗೆಯ ಉತ್ತರಗಳು ಪ್ರಚಾರದಲ್ಲಿವೆ. ಒಂದೊಂದನ್ನೂ ಪರೀಕ್ಷಿಸಿ ನೋಡುವುದು ಯುಕ್ತ.

ಮೊದಲನೆಯ ಪಕ್ಷದವರು ಹೇಳುವುದೇನೆಂದರೆ: “ನ್ಯಾಯವೆಂದರೆ ಎಲ್ಲರಿಗೂ ಒಂದೇ ನಿಯಮ. ಖರ್ಚನ್ನು ತಲೆಯೆಣಿಕೆಯಿಂದ ಭಾಗಿಸಬೇಕು. ಕೊಟ್ಟವನು ಬರಲಿ, ಕೊಡದವನು ಇರಲಿ.” ಈ ಮಾತಿನಲ್ಲಿ ಸರಳತೆಯುಂಟು, ಪಕ್ಷಪಾತವಿಲ್ಲ. ಆದರೆ ಇದು ನಾಣ್ಯಗಳ ಸಮತೆಯೇ ಹೊರತು ಹೊರೆಯ ಸಮತೆಯಲ್ಲ. ಸಾವಿರ ರೂಪಾಯಿ ಒಂದು ಮನೆಯಲ್ಲಿ ಒಂದು ಸಂಜೆಯ ಊಟದ ಖರ್ಚಾಗಿರುವುದು. ಇನ್ನೊಂದು ಮನೆಯಲ್ಲಿ ಹದಿನೈದು ದಿನಗಳ ಅಕ್ಕಿಬೇಳೆಯಾಗಿರುವುದು. ಎತ್ತಿಗೂ ಕರುವಿಗೂ ಒಂದೇ ನೊಗವನ್ನು ಹೂಡಿ, ನೊಗವು ಒಂದೇ ಆದುದರಿಂದ ನ್ಯಾಯವಾಯಿತೆಂದು ರೈತನು ಹೇಳಲಾರನು.

ಬಾಲಚರ ಚಳವಳಿಯ ಹುಟ್ಟಿನಲ್ಲಿಯೇ ಇದಕ್ಕೆ ಉತ್ತರವಿದೆ. 1907ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕೂಡಿಸಿ ಮೊದಲ ಶಿಬಿರವನ್ನು ನಡೆಸಿದರು. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವವರ ಮನೆಗಳ ಹುಡುಗರನ್ನೂ ಅವರು ಬುದ್ಧಿಪೂರ್ವಕವಾಗಿಯೇ ಬೆರೆಸಿದರು. ಶುಲ್ಕವು ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೊದಲನೆಯವರಿಗೆ ಒಂದು ಪೌಂಡು, ಎಂದರೆ ಇಪ್ಪತ್ತು ಷಿಲ್ಲಿಂಗು. ಎರಡನೆಯವರಿಗೆ ಮೂರೂವರೆ ಷಿಲ್ಲಿಂಗು. ಹೆಚ್ಚು ಕಡಿಮೆ ಆರಕ್ಕೆ ಒಂದರ ಪ್ರಮಾಣ. ಆದರೆ ದ್ವೀಪವನ್ನು ಸೇರಿದ ಮೇಲೆ ಪೌಂಡು ಕೊಟ್ಟವರದೊಂದು ತಂಡ, ಷಿಲ್ಲಿಂಗು ಕೊಟ್ಟವರದೊಂದು ತಂಡ ಎಂದು ಮಾಡಲಿಲ್ಲ. ತಂಡಗಳು ಬೆರಕೆಯಾಗಿದ್ದುವು, ಡೇರೆಯೂ ಬೆಂಕಿಯೂ ಊಟವೂ ಒಂದೇ ಬಗೆಯಾಗಿದ್ದುವು. ಕೊನೆಗೆ ಹಣ ಸಾಲದೆ ಬಂದು, ಶಿಬಿರದಲ್ಲಿದ್ದ ಹುಡುಗರ ಪೈಕಿ ಒಬ್ಬರ ತಂದೆಯು ಕೊರತೆಯನ್ನು ತುಂಬಿಕೊಟ್ಟನು. ಕೊಡುವುದರಲ್ಲಿ ತಾರತಮ್ಯ, ಪಡೆಯುವುದರಲ್ಲಿ ಸಮತೆ ಎಂಬ ಮಾರ್ಗವು ಹೀಗೆ ಆ ಚಳವಳಿಯ ಮೊದಲ ವಾರದಲ್ಲಿಯೇ ಕಾಣುತ್ತದೆ.

ಎರಡನೆಯ ಪಕ್ಷದವರು ಇದಕ್ಕೆ ತೀರ ವಿರುದ್ಧವಾಗಿ, “ಮಕ್ಕಳಿಂದ ಹಣವನ್ನೇ ಕೇಳಬಾರದು, ಯಾರಾದರೊಬ್ಬ ದಾನಿಯಿಂದ ಪಡೆದು ಎಲ್ಲವನ್ನೂ ಪುಕ್ಕಟೆಯಾಗಿ ನಡೆಸಬೇಕು” ಎನ್ನುತ್ತಾರೆ. ಇದರಲ್ಲಿ ದಯೆಯಿದೆ. ಆದರೆ ದಾನಿಯು ಬಂದ ಹಿಂದೆಯೇ ಆತನ ಭಾವಚಿತ್ರವೂ ಬರುವುದು. ಗಣೇಶೋತ್ಸವದ ಮತ್ತು ರಾಜ್ಯೋತ್ಸವದ ಕಾಲದಲ್ಲಿ ಬೀದಿಬೀದಿಗಳಲ್ಲಿ ನಿಲ್ಲುವ ಫ್ಲೆಕ್ಸ್ ಹಲಗೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವುಗಳಲ್ಲಿ ಭುವನೇಶ್ವರಿಯ ಚಿತ್ರವು ಮೂಲೆಯಲ್ಲಿಯೂ ಹಣ ಕೊಟ್ಟವರ ಚಿತ್ರವು ನಡುವೆಯೂ ಇರುವುದುಂಟು. ಈ ವರ್ಷ ಹಲಗೆಗೆ ಒಪ್ಪಿದ ಸಂಘವು ಮುಂದಿನ ವರ್ಷ ಮೆರವಣಿಗೆಗೆ ಮಕ್ಕಳನ್ನು ಕಳುಹಿಸಬೇಕಾಗುವುದು. ಯಾರ ಹಣವೋ ಅವರ ಸಂಘ ಎಂಬುದು ಬರೆಯದೆ ಇದ್ದರೂ ನಡೆಯುವ ಶಾಸನ.

ಮಹಾತ್ಮ ಗಾಂಧಿಯವರ ಅನುಭವವು ಇಲ್ಲಿ ಸ್ಮರಣೀಯ. 1894ರಲ್ಲಿ ಅವರು ಇನ್ನೂ ಇಪ್ಪತ್ತನಾಲ್ಕು ವರ್ಷದ ತರುಣರಾಗಿದ್ದಾಗ ದಕ್ಷಿಣ ಆಫ್ರಿಕದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾದರು. ಚಂದಾ ತಿಂಗಳಿಗೆ ಕನಿಷ್ಠ ಐದು ಷಿಲ್ಲಿಂಗು. ಶಕ್ತಿಯಿದ್ದವರು ಹೆಚ್ಚು ಕೊಡುವರು. ಉತ್ಸಾಹದಿಂದ ಹೆಸರು ಬರೆಸಿದವರು ತಿಂಗಳು ತಿಂಗಳೂ ಹಣ ಕೊಡುವುದರಲ್ಲಿ ಹಿಂಜರಿದರು. ವಸೂಲಿಗೆ ತಿರುಗಿ ತಿರುಗಿ ಗುಮಾಸ್ತನು ಬಳಲಿದನು. ಆಗ ಅವರು ಸಭೆಯನ್ನು ಕರೆದು ಚಂದಾವನ್ನು ವರ್ಷಕ್ಕೆ ಮೂರು ಪೌಂಡೆಂದೂ ಅದನ್ನು ಮುಂಗಡವಾಗಿಯೇ ಕೊಡಬೇಕೆಂದೂ ಗೊತ್ತುಮಾಡಿಸಿದರು. ಲೆಕ್ಕ ಹಾಕಿದರೆ ಮೊತ್ತವು ಮೊದಲಿನದೇ. ಬದಲಾದುದು ಕೇಳುವ ರೀತಿ. ಸಾಲಮಾಡಿ ಸಾರ್ವಜನಿಕ ಕಾರ್ಯವನ್ನು ನಡೆಸಬಾರದೆಂಬ ಪಾಠವನ್ನೂ ಅವರು ಅಲ್ಲಿಯೇ ಕಲಿತರು. ಜನರ ನಿತ್ಯದ ಬೆಂಬಲವಿಲ್ಲದೆ ಕೂಡಿಟ್ಟ ನಿಧಿಯ ಬಡ್ಡಿಯಿಂದ ಬದುಕುವ ಸಂಸ್ಥೆಯು ಜನರ ಅಭಿಪ್ರಾಯವನ್ನು ಲಕ್ಷಿಸದಂತಾಗುವುದೆಂಬುದು ಅವರ ಕಡೆಯ ನಿರ್ಣಯ. ಹೀಗಿರಲು ಸಣ್ಣ ಚಂದಾ ಎಂಬುದು ಕೇವಲ ಹಣವಲ್ಲ. ಅದು ಸದಸ್ಯನ ಕೈಯಲ್ಲಿರುವ ಲಗಾಮು. ಅದನ್ನು ತೆಗೆದುಹಾಕಿದರೆ ಸಂಘವು ಹಗುರವಾಗುವುದು ನಿಜ. ಆದರೆ ಅದು ಯಾರು ಎಳೆದತ್ತ ಹೋಗುವುದು.

ದಾನಿಯು ಸಿಕ್ಕದಿದ್ದಾಗ ದಳನಾಯಕನೇ ದಾನಿಯಾಗುವುದೂ ಉಂಟು. ಆರು ಮಕ್ಕಳ ಹಣವನ್ನು ಅವನು ಸದ್ದಿಲ್ಲದೆ ತನ್ನ ಜೇಬಿನಿಂದ ಹಾಕಿಬಿಡುತ್ತಾನೆ. ಇದನ್ನು ನಿಂದಿಸುವುದಕ್ಕೆ ಯಾರಿಗೂ ಬಾಯಿ ಬಾರದು. ಆದರೂ ಇದರ ಪರಿಣಾಮವನ್ನು ನೋಡಬೇಕು. ಪುಸ್ತಕದಲ್ಲಿ ಶಿಬಿರದ ಖರ್ಚು ನಿಜಕ್ಕಿಂತ ಕಡಿಮೆಯಾಗಿ ಕಾಣುವುದು. ಮುಂದಿನ ವರ್ಷವೂ ಅಷ್ಟರಲ್ಲಿಯೇ ಆಗುವುದೆಂದು ಹೆತ್ತವರು ನಂಬುವರು. ಆ ನಾಯಕನು ವರ್ಗವಾಗಿ ಹೋದ ಮೇಲೆ ಅಷ್ಟು ಜೇಬಿಲ್ಲದ, ಆದರೆ ಅವನಷ್ಟೇ ಯೋಗ್ಯನಾದ ಇನ್ನೊಬ್ಬನು ಆ ಸ್ಥಾನಕ್ಕೆ ಬರಲು ಹೆದರುವನು. ಹೀಗೆ ಒಬ್ಬನ ಔದಾರ್ಯದಿಂದಲೇ ನಾಯಕತ್ವವು ಉಳ್ಳವರ ಸೊತ್ತಾಗಿಬಿಡುವುದು. ಸ್ವಯಂಸೇವಕನು ಕಾಲವನ್ನು ಕೊಡಲಿ. ಹಣವನ್ನೂ ಕೊಡಬೇಕೆನಿಸಿದರೆ ಖರ್ಚನ್ನು ಖರ್ಚೆಂದೂ ದಾನವನ್ನು ದಾನವೆಂದೂ ಬರೆಸಿ ಕೊಡಲಿ. ಬರೆಯದ ದಾನವು ಪುಣ್ಯವನ್ನು ತರಬಹುದು, ಸಂಘಕ್ಕೆ ಸುಳ್ಳು ಲೆಕ್ಕವನ್ನು ಉಳಿಸುವುದು.

ಮೂರನೆಯ ಪಕ್ಷವು ಮಾಫಿಯ ಪಕ್ಷ. “ಕೊಡಲಾರದವರು ಅರ್ಜಿ ಹಾಕಿಕೊಳ್ಳಲಿ, ವಿಚಾರಿಸಿ ಬಿಟ್ಟುಬಿಡೋಣ” ಎಂಬುದು ಅವರ ಮತ. ಇದನ್ನು ವಿಚಾರಮಾಡುವಾಗ ಹಿಂದಿನ ಕಾಲದ ವಾರಾನ್ನದ ಪದ್ಧತಿಯನ್ನು ನೆನೆಯಬೇಕು. ಊರಿನಿಂದ ಓದಲು ಬಂದ ಬಡ ಹುಡುಗನು ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದನು. ಅದರ ಗುಣವು ದೊಡ್ಡದು. ಒಂದು ಮನೆಗೆ ವಾರಕ್ಕೊಂದು ದಿನವಾದುದರಿಂದ ಯಾರಿಗೂ ಭಾರವಿಲ್ಲ. ಹುಡುಗನು ಏಳು ಮನೆಗಳಿಗೆ ಸೇರಿದವನಾದುದರಿಂದ ಯಾವ ಒಂದು ಮನೆಗೂ ಆಳಲ್ಲ. ಈ ಅನ್ನದಿಂದ ಬೆಳೆದು ನಾಡಿಗೆ ಬೆಳಕಾದವರು ಅನೇಕರು. ಆದರೆ ಅದರ ದೋಷವೂ ಸಣ್ಣದಲ್ಲ. ಅವನು ವಾರದ ಹುಡುಗನೆಂಬುದು ಬೀದಿಗೆಲ್ಲ ಗೊತ್ತು. ಯಾವ ಮನೆಯಲ್ಲಿ ಎಲೆಯ ಮುಂದೆ ಎಷ್ಟು ಹೊತ್ತು ಕಾಯಿಸಿದರೆಂಬುದನ್ನು ಆ ಹುಡುಗನು ಮುದುಕನಾದರೂ ಮರೆಯಲಾರನು. ಮಾಫಿಯ ಅರ್ಜಿಯಲ್ಲಿ ಈ ದೋಷವು ಮಾತ್ರ ಉಳಿದಿದೆ, ಗುಣವು ಹೋಗಿದೆ. ಅರ್ಜಿ ಬರೆಯುವುದಕ್ಕಿಂತ ಹೊಟ್ಟೆನೋವೇ ವಾಸಿಯೆಂದು ಹನ್ನೆರಡು ವರ್ಷದ ಅಭಿಮಾನವು ತೀರ್ಮಾನಿಸುವುದು. ಭಾರವನ್ನು ಹಂಚುವ ಗುಣವನ್ನು ಇಟ್ಟುಕೊಂಡು, ಎಲ್ಲರಿಗೂ ತಿಳಿಯುವ ದೋಷವನ್ನು ಬಿಡಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ.

ನಾಲ್ಕನೆಯವರು, “ಹಣವಿಲ್ಲದವನು ಕೆಲಸಮಾಡಿ ತೀರಿಸಲಿ” ಎನ್ನುತ್ತಾರೆ. ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯು ಸರ್ವವಿದಿತವಷ್ಟೆ. ಇಂದು ಇವರ ಹೊಲದಲ್ಲಿ ಅವರು, ನಾಳೆ ಅವರ ಹೊಲದಲ್ಲಿ ಇವರು. ನಾಣ್ಯದ ಮಾತಿಲ್ಲ, ಋಣವೂ ಉಳಿಯುವುದಿಲ್ಲ. ಆದರೆ ಮುಯ್ಯಾಳಿನ ಗೌರವವು ಎಲ್ಲರೂ ದುಡಿಯುವುದರಲ್ಲಿದೆ. ಶಿಬಿರದಲ್ಲಿ ಹಣ ಕೊಟ್ಟ ಮಕ್ಕಳು ಆಡುತ್ತಿರುವಾಗ ಕೊಡದವನು ಪಾತ್ರೆ ತೊಳೆಯುತ್ತಿದ್ದರೆ ಅದು ಮುಯ್ಯಲ್ಲ, ಜೀತ. ಹುಟ್ಟಿನಿಂದ ಬಂದ ಮೇಲುಕೀಳುಗಳನ್ನು ಕಳೆಯಬೇಕೆಂದು ಹೊರಟ ಸಂಘವು ಹಣದಿಂದ ಹೊಸದೊಂದು ಮೇಲುಕೀಳನ್ನು ಮಕ್ಕಳ ಕಣ್ಣಮುಂದೆಯೇ ಮಾಡಿ ತೋರಿಸಿದಂತಾಗುವುದು.

ಶ್ರಮವನ್ನೇ ಚಂದಾ ಆಗಿ ಪಡೆಯುವ ದೊಡ್ಡ ಪರೀಕ್ಷೆಯೊಂದು ಕರ್ನಾಟಕದ ನೆಲದಲ್ಲಿಯೇ ಅಂಗೀಕೃತವಾಯಿತು. 1924ರ ಡಿಸೆಂಬರಿನಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಕೂಡಿತು. ಡಾಕ್ಟರ್ ನಾ. ಸು. ಹರ್ಡೀಕರರು ಹಿಂದಿನ ವರ್ಷವಷ್ಟೇ ಕಟ್ಟಿದ್ದ ಹಿಂದುಸ್ತಾನಿ ಸೇವಾದಳದ ತರುಣರು ಅಲ್ಲಿ ಸೇವೆಮಾಡಿದರು. ಅದುವರೆಗೆ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆಯ ಚಂದಾ ಇದ್ದಿತು. ಬೆಳಗಾವಿಯಲ್ಲಿ ನಾಣ್ಯಕ್ಕೆ ಬದಲು ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡಬೇಕೆಂದು ನಿಯಮವಾಯಿತು. ಬಡವನ ನೂಲೂ ಸಿರಿವಂತನ ನೂಲೂ ಒಂದೇ ಅಳತೆ. ಇಬ್ಬರ ಬೆರಳುಗಳಿಗೂ ಒಂದೇ ದಣಿವು. ಕಲ್ಪನೆಯು ಉದಾತ್ತವಾದುದು. ಆದರೆ ಆ ನಿಯಮದಲ್ಲಿಯೇ ಒಂದು ಕಿಂಡಿಯಿದ್ದಿತು. ಕಾಯಿಲೆಯವರು ಮಾತ್ರವಲ್ಲದೆ ನೂಲಲು ಮನಸ್ಸಿಲ್ಲದವರೂ ಬೇರೆಯವರು ನೂತ ನೂಲನ್ನು ಕೊಡಬಹುದಾಗಿತ್ತು. ಎಂದರೆ ಹಣವುಳ್ಳವನು ಕೊಂಡು ಕೊಡಬಹುದು. ಹಣವಿಲ್ಲದವನು ನೂತೇ ಕೊಡಬೇಕು. ವರ್ಷ ತುಂಬುವುದರೊಳಗೆ, 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ನಿಯಮವು ತಿದ್ದಲ್ಪಟ್ಟು ನಾಲ್ಕಾಣೆಯು ಮರಳಿ ಬಂದಿತು. ಆ ಪ್ರಯೋಗವು ನಿಲ್ಲದಿದ್ದುದಕ್ಕೆ ಕಾರಣಗಳು ಹಲವಾಗಿರಬಹುದು. ಆದರೆ ಮಕ್ಕಳ ಸಂಘಕ್ಕೆ ಅದರಿಂದ ದೊರೆಯುವ ಪಾಠವು ಸ್ಪಷ್ಟವಾಗಿದೆ. ಶ್ರಮದ ಚಂದಾ ಎಂದ ಮೇಲೆ ಅದು ಎಲ್ಲರಿಂದಲೂ ಬರಬೇಕು, ಯಾರೂ ಅದನ್ನು ಹಣಕೊಟ್ಟು ತಪ್ಪಿಸಿಕೊಳ್ಳುವಂತಿರಬಾರದು.

ಈಗ ಸಿದ್ಧಾಂತವನ್ನು ಹೇಳಬಹುದು. ಚಂದಾ ಎಂಬುದು ಕೊಂಡ ವಸ್ತುವಿನ ಬೆಲೆಯಲ್ಲ. ಒಂದು ವ್ರತದಲ್ಲಿ ಸೇರಿದವನ ಪಾಲು. ಬೆಲೆಯಾಗಿದ್ದರೆ ಕೊಟ್ಟವನಿಗೆ ವಸ್ತು, ಕೊಡದವನಿಗಿಲ್ಲ. ವ್ಯವಹಾರವು ಅಲ್ಲಿಗೆ ಮುಗಿಯಿತು. ಪಾಲಾದುದರಿಂದ ಅದಕ್ಕೆ ಎರಡು ಧರ್ಮಗಳಿವೆ. ಪ್ರತಿಯೊಬ್ಬನೂ ಪಾಲನ್ನು ಕೊಡಲೇಬೇಕು; ಕೊಡದೆ ಸೇರಿದವನು ಅತಿಥಿಯಾಗುವನೇ ಹೊರತು ಸದಸ್ಯನಾಗಲಾರನು. ಮತ್ತು ಆ ಪಾಲು ಅವನಿಂದ ಕೊಡಲು ಸಾಧ್ಯವಾದುದಾಗಿರಬೇಕು. ಈ ಎರಡನ್ನೂ ಏಕಕಾಲದಲ್ಲಿ ಸಾಧಿಸಬೇಕಾದರೆ ಪಾಲನ್ನು ಇಬ್ಭಾಗಮಾಡುವುದೇ ಉಪಾಯ: ಮಗುವಿನ ಪಾಲೊಂದು, ಮನೆಯ ಪಾಲೊಂದು. ಮಗುವಿನ ಪಾಲು ಎಲ್ಲರಿಗೂ ಸಮಾನ, ಅಲ್ಪ, ಮತ್ತು ಮಗುವಿನ ಸ್ವಂತ ದುಡಿಮೆಯಿಂದಲೇ ಬರತಕ್ಕದ್ದು. ಮನೆಯ ಪಾಲು ಶಕ್ತ್ಯನುಸಾರ, ಮತ್ತು ಗುಪ್ತ.

ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ‘ಖರಿ ಕಮಾಯಿ’ ಎಂಬ ಪದ್ಧತಿಯಿದೆ. ಪ್ರಾಮಾಣಿಕವಾದ ದುಡಿಮೆಯಿಂದ ಗಳಿಸಿದುದು ಎಂಬುದು ಅದರ ಅರ್ಥ. ಮಕ್ಕಳು ಬೇಡದೆ, ಒಂದು ಸಣ್ಣ ಕೆಲಸವನ್ನು ಮಾಡಿಕೊಟ್ಟು ಅದಕ್ಕೆ ಸಂದ ಹಣವನ್ನು ದಳಕ್ಕೆ ತರುವರು. ಹಳೆಯ ಪತ್ರಿಕೆಗಳನ್ನು ಕೂಡಿಸಿ ಕಟ್ಟಿ ರದ್ದಿ ಅಂಗಡಿಗೆ ಹಾಕುವುದು, ತುಳಸಿ ದೊಡ್ಡಪತ್ರೆಗಳ ಸಸಿಗಳನ್ನು ಬೆಳೆಸಿ ಮಾರುವುದು, ಪರಿಚಿತರ ಮನೆಯ ಸೈಕಲ್ಲನ್ನು ಒರಸಿಕೊಡುವುದು — ಇಂಥ ಕೆಲಸಗಳನ್ನು ಹೆತ್ತವರ ಒಪ್ಪಿಗೆಯಿಂದ, ಹಿರಿಯರ ಕಣ್ಣಳತೆಯಲ್ಲಿ, ಭಾನುವಾರದ ದಳದ ಹೊತ್ತಿನಲ್ಲಿಯೇ ಎಲ್ಲರೂ ಕೂಡಿ ಮಾಡಬೇಕು. ಬೇರೆ ಹೊತ್ತಿನಲ್ಲಿಟ್ಟರೆ ಮನೆಯಲ್ಲಿ ತಾಯಿಗೆ ಸಹಾಯಮಾಡಬೇಕಾದ ಮಗುವಿಗೆ ಇದೂ ಒಂದು ಹೊರೆಯಾಗುವುದು. ಗಳಿಕೆಯು ಒಟ್ಟಾಗಿ ಒಂದೇ ಪೆಟ್ಟಿಗೆಗೆ ಬೀಳಲಿ. ತಂದೆಯ ಕಿಸೆಯಿಂದ ಇನ್ನೂರು ರೂಪಾಯಿ ತಂದು, “ನನ್ನ ದುಡಿಮೆ ಇದರಲ್ಲಿ ತೀರಿತು” ಎನ್ನುವುದಕ್ಕೆ ಯಾರಿಗೂ ಅವಕಾಶವಿರಬಾರದು. ಬೆಳಗಾವಿಯ ಕಿಂಡಿಯನ್ನು ಇಲ್ಲಿ ಮುಚ್ಚುವುದು ಹೀಗೆ.

ಇದಿಷ್ಟೂ ಮಾತಿಗೆ ಚೆನ್ನಾಗಿದೆ, ಲೆಕ್ಕದಲ್ಲಿ ನಿಲ್ಲುವುದೇ ಎಂದು ವ್ಯವಹಾರಜ್ಞರು ಕೇಳಬಹುದು. ಕಲ್ಪಿತವಾದೊಂದು ಲೆಕ್ಕದಿಂದಲೇ ಅದನ್ನು ಪರೀಕ್ಷಿಸೋಣ. ಮೂವತ್ತು ಮಕ್ಕಳ ದಳ. ವರ್ಷದ ಸಾಮಾನು ಸರಂಜಾಮು, ನೋಂದಣಿ ಇತ್ಯಾದಿಗಳಿಗೆ 9,000 ರೂಪಾಯಿ. ದೂರದ ಬೆಟ್ಟವೊಂದರ ಬುಡದಲ್ಲಿ ಎರಡು ರಾತ್ರಿಯ ಶಿಬಿರ. ಅದಕ್ಕೆ ಬಾಡಿಗೆಯ ಬಸ್ಸಿಗೆ 15,000, ಊಟ ಮುಂತಾದುವಕ್ಕೆ 12,000. ಒಟ್ಟು 36,000; ತಲೆಗೆ 1,200. ಆರು ಮಂದಿ ಕೊಡಲಾರರೆಂದರೆ 7,200 ರೂಪಾಯಿ ಕೊರತೆ ಬೀಳುವುದು. ಈಗ ಬೆಟ್ಟವನ್ನು ಬಿಟ್ಟು ಕೆಂಗೇರಿಯ ಆಚೆಯ ಯಾವುದಾದರೊಂದು ಶಾಲೆಯ ಬಯಲನ್ನು ಕೇಳಿ ಪಡೆದರೆಂದು ಇಟ್ಟುಕೊಳ್ಳಬಹುದು. ವಿಜಯನಗರದಿಂದ ಕೆಂಗೇರಿಗೆ 2021ರಿಂದ ಮೆಟ್ರೋ ರೈಲಿದೆ. ಮಕ್ಕಳು ತಮ್ಮ ತಮ್ಮ ಚೀಲಗಳನ್ನು ಹೊತ್ತು ಅದರಲ್ಲಿ ಹೋಗಿ ಉಳಿದ ದಾರಿಯನ್ನು ನಡೆಯಲಿ. ಪಾತ್ರೆಗಳ ಸಾಗಾಣಿಕೆಯೂ ಸೇರಿ 15,000ದ ಕಡೆ 3,000 ಸಾಕೆನ್ನೋಣ. ಒಟ್ಟು ಖರ್ಚು 24,000ಕ್ಕೆ ಇಳಿಯಿತು. ಇದರಲ್ಲಿ ಮಕ್ಕಳ ದುಡಿಮೆಯ ಪಾಲು ತಲೆಗೆ 200ರಂತೆ 6,000. ಉಳಿದುದು 18,000. ಅದನ್ನು ಇಪ್ಪತ್ತನಾಲ್ಕು ಮನೆಗಳೇ ಹೊತ್ತರೂ ಸರಾಸರಿ 750 ರೂಪಾಯಿ. ಮೊದಲು 1,200 ಕೊಡಬೇಕಾಗಿದ್ದ ಮನೆಗೆ ಈಗ 450 ರೂಪಾಯಿ ಉಳಿದಿದೆ. ಆರು ಮನೆಗಳಿಂದ ಒಂದು ಕಾಸನ್ನೂ ಕೇಳಿಲ್ಲ. ಮೂವತ್ತು ಮಕ್ಕಳೂ ಶಿಬಿರದಲ್ಲಿದ್ದಾರೆ.

ಈ ಲೆಕ್ಕದಲ್ಲಿ ಔದಾರ್ಯಕ್ಕಿಂತಲೂ ಹೆಚ್ಚು ಕೆಲಸ ಮಾಡಿದುದು ಮಿತವ್ಯಯವೆಂಬುದನ್ನು ಗಮನಿಸಬೇಕು. ಭಾರತದ ಬಾಲಚರ ನಿಯಮಗಳಲ್ಲಿ ಎಂಟನೆಯದು ಬಾಲಚರನು ಮಿತವ್ಯಯಿಯಾಗಿರಬೇಕೆಂಬುದು. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಹಿರಿಯರು ಬಾಡಿಗೆಯ ಬಸ್ಸನ್ನು ಕರೆಸಿದರೆ ಪಾಠವು ಬಾಯಿಯಲ್ಲಿಯೇ ಉಳಿಯುವುದು. ಮಿತವ್ಯಯವೆಂದರೆ ಜಿಪುಣತನವಲ್ಲ, ಕಡೆಯವನಿಗೂ ಸ್ಥಳವಿರುವಂತೆ ಎಲೆಯನ್ನು ಹಾಸುವುದು. ಖರ್ಚು ಹೆಚ್ಚಿದಷ್ಟೂ ಪಂಕ್ತಿಯ ಕೊನೆಯಿಂದ ಒಬ್ಬೊಬ್ಬರೇ ಏಳಬೇಕಾಗುವುದು.

ಮನೆಯ ಪಾಲನ್ನು ಗುಪ್ತವಾಗಿ ಪಡೆಯುವ ಬಗೆ ಹೇಗೆಂದರೆ, ವರ್ಷದ ಆದಿಯಲ್ಲಿ ಒಂದೇ ಸಲ ಒಟ್ಟು ಖರ್ಚು ಇಷ್ಟು, ತಲೆಗೆ ಇಷ್ಟು ಬೀಳುವುದು ಎಂಬುದನ್ನು ಎಲ್ಲ ಹೆತ್ತವರಿಗೂ ಬರೆದು ತಿಳಿಸಿ, ಪ್ರತಿ ಮನೆಗೂ ಒಂದೇ ಬಗೆಯ ಮುಚ್ಚಿದ ಲಕ್ಕೋಟೆಯನ್ನು ಕಳುಹಿಸಬೇಕು. ಹೆಚ್ಚು ಹಾಕುವವರು ಹೆಚ್ಚು ಹಾಕಲಿ, ಏನೂ ಹಾಕಲಾರದವರು ಬರಿಯ ಲಕ್ಕೋಟೆಯನ್ನೇ ಹಿಂದಿರುಗಿಸಲಿ. ಲಕ್ಕೋಟೆಯ ಮೇಲೆ ಹೆಸರು ಬೇಡ. ಫೋನಿನ ಮೂಲಕ ಹಣ ಕಳುಹಿಸುವವರ ಹೆಸರು ಖಜಾಂಚಿಯೊಬ್ಬನಿಗೆ ತಿಳಿಯುವುದು ಅನಿವಾರ್ಯ. ಅದು ಅವನಲ್ಲಿಯೇ ನಿಲ್ಲತಕ್ಕದ್ದು. ಈಚೆಗೆ ವಾಟ್ಸಾಪ್ ಗುಂಪುಗಳಲ್ಲಿ ಹಣ ಕೊಟ್ಟವರ ಹೆಸರುಗಳ ಮುಂದೆ ಹಸಿರು ಗುರುತನ್ನು ಹಾಕಿ, ಕೊಡದವರ ಹೆಸರುಗಳನ್ನು ಬೋಳಾಗಿ ಬಿಟ್ಟು ದಿನಕ್ಕೆರಡು ಬಾರಿ ಪ್ರಕಟಿಸುವ ಪದ್ಧತಿಯು ಹಬ್ಬಿದೆ. ಇದನ್ನು ಮಾಡುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ; ವಸೂಲಿ ಬೇಗ ಆಗಲೆಂಬುದಷ್ಟೇ. ಆದರೆ ಹಿಂದೆ ವಾರಾನ್ನದ ಹುಡುಗನ ಬಡತನವು ಒಂದು ಬೀದಿಗೆ ತಿಳಿಯುತ್ತಿದ್ದರೆ, ಈಗ ಅದು ಅರವತ್ತು ಮನೆಗಳ ಅಂಗೈಗೆ ಬರುವುದು. ಲೆಕ್ಕವು ಬಹಿರಂಗವಾಗಿರಲಿ, ಹೆಸರು ಅಂತರಂಗವಾಗಿರಲಿ — ಇದು ಖಜಾಂಚಿಯ ಮೊದಲ ನಿಯಮವಾಗಬೇಕು. ಬಂದ ಒಟ್ಟು ಹಣ, ಆದ ಖರ್ಚು, ರಸೀತಿಗಳು ಇವನ್ನು ಯಾರು ಬೇಕಾದರೂ ನೋಡಬಹುದು. ಯಾರು ಎಷ್ಟು ಕೊಟ್ಟರೆಂಬುದನ್ನು ದಾನಿಯ ಮಗನೂ ನೋಡಬಾರದು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವುಂಟು. ಗುಪ್ತವೆಂದ ಮೇಲೆ ಶಕ್ತಿಯಿದ್ದವನೂ ಕಡಿಮೆ ಹಾಕುವನಲ್ಲವೇ? ಹಾಕುವನು. ಕೆಲವರು ಹಾಗೆ ಮಾಡಿಯೇ ತೀರುವರು; ಮನುಷ್ಯಸ್ವಭಾವವನ್ನು ಮರೆತು ನಿಯಮ ಮಾಡಬಾರದು. ಇದಕ್ಕೆ ಸಮಾಧಾನವೇನೆಂದರೆ, ಹಾಕಿದ ಹಣವು ಸಾಲದೆ ಹೋದಲ್ಲಿ ಶಿಬಿರವನ್ನೇ ಕುಗ್ಗಿಸಬೇಕು. ಎಲ್ಲರ ಶಿಬಿರವೂ ಒಂದು ರಾತ್ರಿ ಕಡಿಮೆಯಾಗಲಿ; ಒಬ್ಬನ ಶಿಬಿರವು ಇಲ್ಲವಾಗದಿರಲಿ. ಶಕ್ತಿಯಿದ್ದೂ ಕೊಡದವನ ಮಗನೂ ಒಂದೇ ರಾತ್ರಿ ಇದ್ದು ಬರುವನು. ಆಗ ಆ ತಂದೆಗೆ ಮಗನೇ ಗುರುವಾದರೂ ಆಗಬಹುದು. ಒಬ್ಬ ಕಳ್ಳನನ್ನು ಹಿಡಿಯುವುದಕ್ಕಾಗಿ ಆರು ಜನ ಮರ್ಯಾದಸ್ಥರನ್ನು ಬೀದಿಯಲ್ಲಿ ನಿಲ್ಲಿಸಿ ಝಡ್ತಿಮಾಡುವ ನಿಯಮಕ್ಕಿಂತ ಒಬ್ಬ ಕಳ್ಳನು ತಪ್ಪಿಸಿಕೊಳ್ಳುವ ನಿಯಮವೇ ಲೇಸು.

ಖರ್ಚು ಕಳೆದು ಮಿಕ್ಕಿದರೆ? ಬಸವೇಶ್ವರನಗರವೆಂದು ಒಂದು ಬಡಾವಣೆಗೆ ಹೆಸರಿಟ್ಟ ಊರಿನವರಿಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಅಪರಿಚಿತವಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ಕಾಳಿದಾಸನ ರಘುವಂಶದಲ್ಲಿಯೂ ಇದರ ಜೊತೆಗಿಡತಕ್ಕ ಸಂದರ್ಭವಿದೆ. ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯವನಾಗಿದ್ದ ರಘುವಿನ ಬಳಿಗೆ ಕೌತ್ಸನು ಗುರುದಕ್ಷಿಣೆಗಾಗಿ ಬರುತ್ತಾನೆ. ಕುಬೇರನಿಂದ ಬಂದ ರಾಶಿಯನ್ನೆಲ್ಲ ರಘು ಕೊಡಹೋಗುತ್ತಾನೆ. ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಕೌತ್ಸನು ಒಲ್ಲೆನೆನ್ನುತ್ತಾನೆ. ಕೇಳಿದುದಕ್ಕಿಂತ ಹೆಚ್ಚು ಕೊಡುವ ದಾನಿ, ಬೇಕಾದುದಕ್ಕಿಂತ ಹೆಚ್ಚು ಒಲ್ಲದ ಯಾಚಕ — ಇಬ್ಬರನ್ನೂ ಸಾಕೇತದ ಜನರು ಕೊಂಡಾಡಿದರು. ಸಂಘಕ್ಕೆ ಮುಂದಿನ ವರ್ಷದ ಡೇರೆಯ ದುರಸ್ತಿಗೆ ಬೇಕಾದಷ್ಟು ಉಳಿಯಲಿ. ಅದಕ್ಕೂ ಮೀರಿದುದು ಮುಂದಿನ ವರ್ಷದ ಚಂದಾವನ್ನು ಇಳಿಸುವುದಕ್ಕೆ ಹೋಗಲಿ. ಪೆಟ್ಟಿಗೆಯು ದಪ್ಪವಾದಲ್ಲಿ ಪದಾಧಿಕಾರಿಗಳ ಚುನಾವಣೆಯೂ ಬಿರುಸಾಗುವುದನ್ನು ಯಾವ ಬಡಾವಣೆಯವರು ನೋಡಿಲ್ಲ?

ಕಡೆಯ ಮಾತು ಮಕ್ಕಳನ್ನು ಕುರಿತದ್ದು. ಹಣದ ವಿಷಯವನ್ನು ಮಕ್ಕಳಿಂದ ಮರೆಮಾಡುವುದು ಒಳ್ಳೆಯದೆಂದು ಬಹುಮಂದಿ ತಿಳಿದಿದ್ದಾರೆ. ಬೇಡನ್ ಪೊವೆಲ್ಲರ ಪದ್ಧತಿಯು ಹಾಗಲ್ಲ. ಆರೇಳು ಮಕ್ಕಳ ಒಂದೊಂದು ತಂಡಕ್ಕೂ ಒಬ್ಬ ಹುಡುಗನೇ ಮುಖಂಡ. ಆ ಮುಖಂಡರು ಸೇರಿದ ಗೌರವಸಭೆಯು ದಳದ ಹಣವನ್ನು ಹೇಗೆ ವ್ಯಯಮಾಡಬೇಕೆಂಬುದನ್ನೂ ಆಲೋಚಿಸುವುದು. ಯಾವ ಮನೆಯಿಂದ ಎಷ್ಟು ಬಂದಿತೆಂಬುದು ಆ ಸಭೆಗೆ ಬೇಡ. ಒಟ್ಟು ಎಷ್ಟಿದೆ, ಬಸ್ಸಿಗೆಷ್ಟು, ಬೇಳೆಗೆಷ್ಟು ಎಂಬುದು ಬೇಕು. “ಬಸ್ಸು ಬೇಡ, ನಡೆಯೋಣ, ಆಗ ಎಲ್ಲರೂ ಬರಬಹುದು” ಎಂಬ ಮಾತು ದಳನಾಯಕನ ಬಾಯಿಂದ ಬಂದರೆ ಅದು ಆಜ್ಞೆ. ಹದಿಮೂರು ವರ್ಷದ ಮುಖಂಡನ ಬಾಯಿಂದ ಬಂದರೆ ಅದು ಶಿಕ್ಷಣ. ಮುಂದೆ ಆ ಹುಡುಗನು ದೊಡ್ಡವನಾಗಿ ಒಂದು ಕಾರ್ಖಾನೆಯನ್ನೋ ಒಂದು ಪಂಚಾಯಿತಿಯನ್ನೋ ನಡೆಸುವಾಗ, ಲೆಕ್ಕದ ಕೊನೆಯ ಸಾಲಿನಲ್ಲಿ ಮೊತ್ತವನ್ನು ಮಾತ್ರವಲ್ಲದೆ ಪಂಕ್ತಿಯಿಂದ ಎದ್ದುಹೋದವರು ಯಾರೆಂಬುದನ್ನೂ ನೋಡುವ ಅಭ್ಯಾಸವು ಅವನಲ್ಲಿ ಉಳಿದಿರುವುದು.

ಬಾಲಸಂಘದ ಲೆಕ್ಕವು ಸರಿಯಾಗಿದೆಯೇ ಎಂದು ತಿಳಿಯಲು ಲೆಕ್ಕಪರೀಕ್ಷಕನು ಜಮೆಯನ್ನೂ ಖರ್ಚನ್ನೂ ಕೂಡಿ ಕಳೆದು ನೋಡುವನು. ಅದು ಆಗಲೇಬೇಕಾದ ಕೆಲಸ. ಅದಾದ ಮೇಲೆ ಇನ್ನೊಂದು ಪರೀಕ್ಷೆಯುಂಟು. ಅದಕ್ಕೆ ಹಾಜರಿಯ ಪುಸ್ತಕವು ಸಾಕು. ಶಿಬಿರವನ್ನು ಪ್ರಕಟಿಸುವ ಮೊದಲಿನ ಭಾನುವಾರ ಎಷ್ಟು ಮಕ್ಕಳಿದ್ದರು, ಶಿಬಿರವು ಮುಗಿದ ಮೇಲಿನ ಭಾನುವಾರ ಎಷ್ಟು ಮಕ್ಕಳಿದ್ದಾರೆ? ಎರಡು ಸಂಖ್ಯೆಗಳೂ ಒಂದೇ ಆಗಿದ್ದು, ಯಾವ ಹುಡುಗನಿಗೂ ಆ ತಿಂಗಳು ಹೊಟ್ಟೆನೋವು ಬಾರದಿದ್ದಲ್ಲಿ, ಆ ಸಂಘದ ಚಂದಾ ಧರ್ಮಸಮ್ಮತವಾದುದೆಂದು ನಿಸ್ಸಂಶಯವಾಗಿ ಹೇಳಬಹುದು.